ಆಗಿರಿಪಲ್ಲಿಯ ಭಗವಂತಂ

ಕಳೆದ ಬೇಸಿಗೆಯ ರಜೆಯಲ್ಲಿ ಅವಳಿ ಸೋದರರಾದ ನಾವಿಬ್ಬರೂ ಬೆಂಗಳೂರಿನಿಂದ ವಿಜಯವಾಡಕ್ಕೆ, ನಮ್ಮ ಸೋದರಮಾವನವರ ಮನೆಗೆ ಹೋಗಿದ್ದೆವು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ಮುಂದೆ ವಿಜ್ಞಾನ ಬೇಡ, ಕನ್ನಡದಲ್ಲಿ ಓದಿದ ನಮಗೆ ಅದು ದಕ್ಕುವುದಲ್ಲವೆಂದು ಹೊರಡುವ ಮುನ್ನವೇ ನಿಶ್ಚಯಿಸಿಕೊಂಡಿದ್ದೆವು.

ಒಂದು ಸಂಜೆ ಬೆಂಜ್ ಸರ್ಕಲ್ಲಿನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೆವು. ಮಚಲೀಪಟ್ಟಣದ ರಸ್ತೆಯೂ ಚೆನ್ನೈ–ಕೋಲ್ಕತ್ತ ಹೆದ್ದಾರಿಯೂ ಕೂಡುವ ಆ ಸ್ಥಳದ ಗದ್ದಲವನ್ನು ಬಣ್ಣಿಸಲು ನಮ್ಮಿಂದಾಗದು. ಭೌತಶಾಸ್ತ್ರದ ಅಧ್ಯಾಪಕರಾದ ಮಾವನವರು ಇದ್ದಕ್ಕಿದ್ದಂತೆ, "ಏನ್ರೋ, ನಿಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಡೈರೆಕ್ಟರಾಗಿದ್ದ ಸೂರಿ ಭಗವಂತಂ ಅವರ ಊರು ಇಲ್ಲೇ ಹತ್ತಿರ, ಬಲ್ಲಿರಾ?" ಎಂದರು. ಆ ಸಂಸ್ಥೆಯ ಮುಂದೆ ನೂರಾರು ಬಾರಿ ಹಾದುಹೋದ ನಾವು ಆ ಹೆಸರನ್ನೇ ಕೇಳಿರಲಿಲ್ಲ. ಲಜ್ಜೆಯಾಯಿತು.

ಭಗವಂತಂ ಅವರು ಜನಿಸಿದ್ದು 1909ರಲ್ಲಿ, ಅಂದಿನ ಕೃಷ್ಣಾ ಜಿಲ್ಲೆಯ ಆಗಿರಿಪಲ್ಲಿಯಲ್ಲಿ. 1928ರಲ್ಲಿ, ರಾಮನ್ ಪರಿಣಾಮವು ಪ್ರಕಟವಾದ ವರ್ಷವೇ, ಅವರು ಕಲ್ಕತ್ತೆಯಲ್ಲಿ ರಾಮನ್ನರ ಬಳಿ ಸೇರಿದರು. ಬೆಳಕು ಶಕ್ತಿಯ ಪೊಟ್ಟಣಗಳಾಗಿ ಬರುತ್ತದೆಂದು ಐನ್‌ಸ್ಟೈನರು 1905ರಲ್ಲಿಯೇ ಹೇಳಿದ್ದರಷ್ಟೆ. ಆ ಪೊಟ್ಟಣಕ್ಕೆ, ಎಂದರೆ ಫೋಟಾನಿಗೆ, ಶಕ್ತಿಯಲ್ಲದೆ ತನ್ನದೇ ಆದ ಸುತ್ತೂ ಇದೆಯೆ? 1931ರಲ್ಲಿ ಗುರುಶಿಷ್ಯರು ಕೈಗೆತ್ತಿಕೊಂಡ ಪ್ರಶ್ನೆ ಇದು. ಫೋಟಾನಿಗೆ ಸುತ್ತಿದ್ದರೆ, ಅನಿಲದ ಅಣುಗಳಿಗೆ ತಾಗಿ ಚದುರಿದ ಬೆಳಕಿನ ಧ್ರುವೀಕರಣದಲ್ಲಿ ಅದರ ಗುರುತು ಉಳಿಯಬೇಕು. ಅವರು ಅದನ್ನು ಅಳೆದರು. ಸುತ್ತು ಉಂಟೆಂದೂ ಅದರ ಪ್ರಮಾಣ ಪ್ಲಾಂಕ್ ಸ್ಥಿರಾಂಕವನ್ನು 2π ಯಿಂದ ಭಾಗಿಸಿದಷ್ಟೆಂದೂ ಸಾರಿದರು. ಶಿಷ್ಯನಿಗೆ ಆಗ ಇಪ್ಪತ್ತೆರಡರ ಆಸುಪಾಸು! ಬೆಳಕು ತೂಗುಬಿಟ್ಟ ಸ್ಫಟಿಕದ ಬಿಲ್ಲೆಯನ್ನು ತಿರುಚುವುದನ್ನು ಬೆತ್ ಎಂಬ ವಿಜ್ಞಾನಿ ನೇರವಾಗಿ ಅಳೆದು ತೋರಿಸಿದ್ದು 1936ರಲ್ಲಿ. ಮುಂದೆ ಭಗವಂತಂ ಅವರು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, 1957ರಲ್ಲಿ ನಮ್ಮ ಊರಿನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು.

"ಹಾಗಾದರೆ ಫೋಟಾನು ಬುಗುರಿಯಂತೆಯೆ, ಮಾವ?" ಎಂದೆವು.

"ಬುಗುರಿಯನ್ನು ನಿಲ್ಲಿಸಬಹುದು. ಇದು ನಿಲ್ಲುವಂಥದಲ್ಲ, ಹೆಚ್ಚು ಕಡಮೆ ಆಗುವಂಥದೂ ಅಲ್ಲ. ಇದಕ್ಕೆ ನಿಮ್ಮ ಕನ್ನಡದಲ್ಲಿ ಏನನ್ನುತ್ತಾರೆ?"

ಎಲ್ಲಿಯೋ ಓದಿದ್ದು ನೆನಪಾಗಿ, "ಗಿರಕಿ" ಎಂದೆವು.

ಮಾವನವರು ಆ ಮಾತನ್ನು ಎರಡು ಸಲ ಹೇಳಿಕೊಂಡು ನಕ್ಕರು. "ಸರಿ, ಈಗ ನಾನು ಹೇಳಿದ್ದನ್ನೆಲ್ಲ ಕನ್ನಡದಲ್ಲೇ ನನಗೆ ತಿರುಗಿ ಹೇಳಿ, ನೋಡೋಣ."

ಬಸ್ಸಿನಲ್ಲಿ ನಿಂತುಕೊಂಡೇ ಹೇಳಿದೆವು. ಎರಡು ಕಡೆ ಮಾತ್ರ ತಿದ್ದಿದರು. ಎರಡೂ ಧ್ರುವೀಕರಣದ ವಿಷಯದಲ್ಲಿ. ಊರಿಗೆ ಹಿಂದಿರುಗಿ ಅರ್ಜಿ ತುಂಬುವಾಗ ವಿಜ್ಞಾನವೆಂದೇ ಬರೆದೆವು. ಧ್ರುವೀಕರಣ ಇನ್ನೂ ಪೂರ್ತಿಯಾಗಿ ತಿಳಿದಿಲ್ಲ.