ತಂದೆಯ ಹೆಸರು

ನಮ್ಮ ದೇಶದಲ್ಲಿ ಮನುಷ್ಯನನ್ನು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಯಾವುದೆಂದು ಯಾರಾದರೂ ಲೆಕ್ಕ ಹಾಕಿದರೆ, 'ಊಟವಾಯಿತೆ?' ಎಂಬುದು ಮೊದಲನೆಯದಾದೀತು, 'ತಂದೆಯ ಹೆಸರೇನು?' ಎಂಬುದು ಎರಡನೆಯದು. ಶಾಲೆಗೆ ಸೇರುವಾಗ, ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ, ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ, ಕಡೆಗೆ ಮರಣದ ದಾಖಲೆಯಲ್ಲಿಯೂ ಆ ಪ್ರಶ್ನೆ ನಮ್ಮ ಬೆನ್ನು ಬಿಡುವುದಿಲ್ಲ. ಉತ್ತರ ಸಲೀಸಾಗಿ ಬಾಯಿಗೆ ಬರುವವರಿಗೆ ಅದೊಂದು ಪ್ರಶ್ನೆಯೇ ಅಲ್ಲ. ಮೇಷ್ಟ್ರಾಗಿದ್ದ ನಾನು ಅದನ್ನು ಸಾವಿರಾರು ಸಲ ಕೇಳಿದ್ದೇನೆ, ಸಿಕ್ಕ ಉತ್ತರವನ್ನು ಬರೆದುಕೊಂಡಿದ್ದೇನೆ. ಒಂದೇ ಒಂದು ಸಲ ಮಾತ್ರ ಸರಿಯಾದ ಉತ್ತರ ಸಿಕ್ಕಿಯೂ ಬರೆದುಕೊಳ್ಳಲಿಲ್ಲ. ಆ ಒಂದು ಸಲದ ಮಾತು ಇದು.

1979ರ ಜೂನ್ ತಿಂಗಳು. ತರೀಕೆರೆಗೂ ಅಜ್ಜಂಪುರಕ್ಕೂ ನಡುವಣ ಒಂದು ಹಳ್ಳಿಯ ಶಾಲೆ. ಊರ ಹೆಸರು ಇಲ್ಲಿ ಬೇಡ. ಜಿಟಿಜಿಟಿ ಮಳೆಯಲ್ಲಿ ಒಬ್ಬ ಹೆಂಗಸು ಗೋಣಿಚೀಲದ ಕೊಪ್ಪೆ ಹೊದ್ದು, ಆರು ವರ್ಷದ ಹುಡುಗನನ್ನು ಮುಂದೆ ಮಾಡಿಕೊಂಡು ಬಂದಳು. ಹುಡುಗನ ಹೆಸರು, ಹುಟ್ಟಿದ ತಾರೀಖು ಆಯಿತು. ತಂದೆಯ ಹೆಸರು ಕೇಳಿದೆ. ಆಕೆ ತಲೆ ತಗ್ಗಿಸಲಿಲ್ಲ, ಸೆರಗು ಬಾಯಿಗೆ ಇಟ್ಟುಕೊಳ್ಳಲೂ ಇಲ್ಲ. ಊರಿನ ಅಡಿಕೆ ತೋಟದ ಯಜಮಾನರೊಬ್ಬರ ಹೆಸರನ್ನು ಸ್ಪಷ್ಟವಾಗಿ ಹೇಳಿ, "ಬರ್ಕಳಿ ಸ್ವಾಮಿ" ಎಂದಳು.

ನನ್ನ ಲೇಖನಿ ನಿಂತಿತು. ಶಾಲೆಗೆ ಹೆಂಚು ಹೊದಿಸಿಕೊಟ್ಟವರು ಆ ಯಜಮಾನರು. ನಾನು ಬಾಡಿಗೆಗಿದ್ದ ಮನೆಯೂ ಅವರದೇ. "ಮುಂದೆ ಹುಡುಗನಿಗೆ ತೊಂದರೆಯಾಗಬಾರದಮ್ಮ, ನಿನ್ನ ಅಣ್ಣನ ಹೆಸರು ಬರೆಯೋಣ" ಎಂದೆ. ಆಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ನಿಮ್ಮಿಷ್ಟ" ಎಂದು ಹೆಬ್ಬೆಟ್ಟು ಒತ್ತಿ ಹೊರಟುಹೋದಳು. ಒಂದು ಮಗುವಿನ ಮಾನ ಉಳಿಸಿದೆನೆಂಬ ಸಮಾಧಾನದಿಂದ ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ನಾನು ಉಳಿಸಿದ್ದು ನನ್ನ ಬಾಡಿಗೆ ಮನೆಯನ್ನು ಎಂಬುದು ಹೊಳೆಯಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ನಿವೃತ್ತನಾಗಿ ಕಡೂರಿನಲ್ಲಿ ನೆಲಸಿದ ಮೇಲೆ ಒಂದು ದಿನ ತಲೆ ನರೆತ ಗಂಡಸೊಬ್ಬ ಬಾಗಿಲಿಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಅದೇ ಹುಡುಗ. ಬೀರೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಯಜಮಾನರಿಗೆ ಈಗ ಎಂಬತ್ತು ಸಮೀಪಿಸಿದೆಯಂತೆ. ಹೆಂಡತಿ ತೀರಿಕೊಂಡಿದ್ದಾರೆ; ಇಬ್ಬರು ಹೆಣ್ಣುಮಕ್ಕಳು. ಆಸ್ಪತ್ರೆಯಿಂದ ಬದುಕಿ ಬಂದವರು ಇವನಿಗೆ ಹೇಳಿಕಳುಹಿಸಿ, "ಕಣ್ಣು ಮುಚ್ಚುವ ಮೊದಲು ನಿನ್ನನ್ನು ಮಗನೆಂದು ಬರೆದುಕೊಡುತ್ತೇನೆ" ಎಂದರಂತೆ. ವಕೀಲರ ಹತ್ತಿರ ಹೋದರೆ, ಅವರು ಶಾಲೆಯ ದಾಖಲೆ ನೋಡಿ, "ಇದರಲ್ಲಿ ನಿನ್ನ ಅಪ್ಪ ಬೇರೆ ಇದ್ದಾನಲ್ಲಪ್ಪ" ಎಂದರಂತೆ.

"ನಿನಗೆ ಬೇಕಾದದ್ದು ಹೆಸರೋ ತೋಟವೋ?" ಎಂದು ಕೇಳಿಬಿಟ್ಟೆ. ಕೇಳಬಾರದಾಗಿತ್ತು.

"ಎರಡೂ ಬೇಕು ಸಾರ್. ತೋಟ ಬೇಡ ಅಂದರೆ ಸುಳ್ಳು ಹೇಳಿದ ಹಾಗಾಗುತ್ತೆ" ಎಂದ.

ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಆ ಮಾತಿನಿಂದ. ಮಾರನೆಯ ದಿನವೇ ಇಬ್ಬರೂ ರೈಲು ಹತ್ತಿ ತರೀಕೆರೆಗೆ ಹೋಗಿ ವಕೀಲರನ್ನು ಕಂಡೆವು.

ವಕೀಲರು ಹೇಳಿದ್ದನ್ನು ಕೇಳಿದ ಮೇಲೆ ಇಷ್ಟು ವರ್ಷ ನಾನು ಏನೂ ಓದಿರಲಿಲ್ಲವೆಂದು ಅನಿಸಿತು. ಹಿಂದೂಗಳ ಕಾನೂನಿನಲ್ಲಿ, 'ಇವನು ನನ್ನ ಮಗ' ಎಂದು ತಂದೆ ಒಂದು ನಮೂನೆಗೆ ರುಜು ಹಾಕಿ, ಅಷ್ಟರಿಂದಲೇ ಮದುವೆಯ ಹೊರಗೆ ಹುಟ್ಟಿದ ಮಗುವನ್ನು ವಾರಸುದಾರನನ್ನಾಗಿ ಮಾಡುವ ಏರ್ಪಾಟು ಇಲ್ಲ. 1956ರ ಉತ್ತರಾಧಿಕಾರ ಕಾನೂನಿನ ಪ್ರಕಾರ ಅಂಥ ಮಗು ತಾಯಿಗೆ ಸಂಬಂಧಿ, ತಾಯಿಯ ಇತರ ಮಕ್ಕಳಿಗೆ ಸಂಬಂಧಿ, ತಂದೆಗೆ ಅಲ್ಲ. ಆದರೆ ಅದೇ 1956ರ ಇನ್ನೊಂದು ಕಾನೂನು, ದತ್ತಕ ಮತ್ತು ಜೀವನಾಂಶಕ್ಕೆ ಸಂಬಂಧಿಸಿದ್ದು, ಅಂಥ ಮಗುವಿಗೂ ಅದು ಅಪ್ರಾಪ್ತವಾಗಿರುವವರೆಗೆ ತಂದೆ ಅನ್ನ ಬಟ್ಟೆ ಕೊಡಲೇಬೇಕೆನ್ನುತ್ತದೆ. ಅನ್ನಕ್ಕೆ ತಂದೆ, ಆಸ್ತಿಗೆ ಯಾರೂ ಅಲ್ಲ! ಒಂದೇ ವರ್ಷ ಹುಟ್ಟಿದ ಎರಡು ಕಾನೂನುಗಳೇ ಒಂದರ ಮುಖ ಒಂದು ನೋಡಿದಂತಿಲ್ಲ.

"ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪಾಲು ಕೊಟ್ಟಿದೆಯಲ್ಲ?" ಎಂದು ನಾನು ಪತ್ರಿಕೆ ಓದಿದ ಧೈರ್ಯದಿಂದ ಕೇಳಿದೆ. ಕೊಟ್ಟಿದೆ, ಎಂದರು. 2023ರ ಸೆಪ್ಟೆಂಬರ್ 1ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಅಸಿಂಧುವಾದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ತಂದೆಯ ಸ್ವಂತ ಆಸ್ತಿಯಲ್ಲಿಯೂ, ಅವಿಭಕ್ತ ಕುಟುಂಬದಲ್ಲಿ ತಂದೆಯ ಪಾಲಿಗೆ ಬರುವ ಆಸ್ತಿಯಲ್ಲಿಯೂ ಹಕ್ಕುಂಟೆಂದು ತೀರ್ಪು ಕೊಟ್ಟಿತು. ಆದರೆ ಅದಕ್ಕೆ ಮದುವೆ ಎಂಬುದೊಂದು ನಡೆದಿರಬೇಕು, ಅದು ಕಾನೂನಿನಲ್ಲಿ ನಿಲ್ಲದಿದ್ದರೂ ಚಿಂತೆಯಿಲ್ಲ. ಗಂಡಹೆಂಡಿರಂತೆ ಬಹುಕಾಲ ಕೂಡಿ ಬಾಳಿದ್ದರೂ ಮದುವೆಯಾಗಿತ್ತೆಂದು ಭಾವಿಸಬಹುದೆಂದು 2022ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮೊಕದ್ದಮೆಯಲ್ಲಿ ಎತ್ತಿ ಹೇಳಿದೆ. ಇವನ ತಾಯಿಗೆ ತಾಳಿಯೂ ಇರಲಿಲ್ಲ, ಕೂಡಿ ಬಾಳಿದ ಮನೆಯೂ ಇರಲಿಲ್ಲ.

ನನಗೆ ಮಿತಾಕ್ಷರದ ನೆನಪಾಯಿತು. ಸುಮಾರು 900 ವರ್ಷಗಳ ಹಿಂದೆ ನಮ್ಮ ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಗ್ರಂಥ. ಶೂದ್ರನಿಗೆ ದಾಸಿಯಲ್ಲಿ ಹುಟ್ಟಿದ ಮಗನಿಗೆ ತಂದೆ ಇಷ್ಟಪಟ್ಟರೆ ಪಾಲು ಕೊಡಬಹುದು, ತಂದೆ ಸತ್ತರೆ ಸೋದರರು ಅರ್ಧ ಪಾಲು ಕೊಡಬೇಕು ಎಂದಿತ್ತು. ಮೇಲಿನ ಮೂರು ವರ್ಣಗಳವರ ಮಗನಿಗೆ ಮಾತ್ರ ಅನ್ನ ಬಟ್ಟೆಯಷ್ಟೇ. ಜಾತಿಗೊಂದು ನೀತಿಯ ಆ ಶಾಸ್ತ್ರವನ್ನು ಹೊಗಳುವಂತಿಲ್ಲ. ಆದರೆ 1956ರಲ್ಲಿ ಎಲ್ಲರನ್ನೂ ಸಮ ಮಾಡಲು ಹೊರಟಾಗ ಕೆಲವರಿಗೆ ಇದ್ದ ಆ ಅರ್ಧ ಪಾಲೂ ಹೋಯಿತು.

ಹೊರದೇಶಗಳಲ್ಲಿಯೂ ಈ ದಾರಿ ನೇರವಾಗಿರಲಿಲ್ಲ. ಫ್ರಾನ್ಸಿನಲ್ಲಿ 1804ರ ನೆಪೋಲಿಯನ್ ಸಂಹಿತೆ ತಂದೆ ಯಾರೆಂದು ನ್ಯಾಯಾಲಯದಲ್ಲಿ ಹುಡುಕುವುದನ್ನೇ ನಿಷೇಧಿಸಿತು. ಅದನ್ನು ಸಡಿಲಿಸಿದ್ದು 1912ರಲ್ಲಿ. ನಾರ್ವೆ ದೇಶ 1915ರಲ್ಲಿಯೇ ಅಂಥ ಮಕ್ಕಳಿಗೆ ತಂದೆಯ ಹೆಸರನ್ನೂ ಆಸ್ತಿಯ ಹಕ್ಕನ್ನೂ ಕೊಟ್ಟಿತು. ಅಮೆರಿಕದಲ್ಲಿ 1993ರ ಒಂದು ಕಾನೂನಿನಿಂದಾಗಿ ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ತಂದೆತಾಯಿ ಇಬ್ಬರೂ ಒಂದು ಪತ್ರಕ್ಕೆ ರುಜು ಹಾಕುವ ಏರ್ಪಾಟು ಎಲ್ಲ ರಾಜ್ಯಗಳಿಗೂ ಬಂತು. ನಮ್ಮಲ್ಲಿ ತಾಯಿಯ ಮಾತಿಗೆ ಬೆಲೆ ಬಂದದ್ದು ತಡವಾಗಿ: ಅವಿವಾಹಿತ ತಾಯಿ ಪ್ರಮಾಣಪತ್ರ ಕೊಟ್ಟರೆ ತಂದೆಯ ಹೆಸರಿಲ್ಲದೆಯೇ ಮಗುವಿನ ಜನನ ಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2015ರಲ್ಲಿ. ಶಕುಂತಲೆಯ ಕಾಲದಲ್ಲಿ ಉಂಗುರ ಕಳೆದುಹೋದರೆ ಗತಿಯಿರಲಿಲ್ಲ. ಈಗ ರಕ್ತದಲ್ಲಿಯೇ ಉಂಗುರವಿದೆ, ಡಿ.ಎನ್.ಎ. ಎಂದು ಅದರ ಹೆಸರು. ಆದರೆ ಉಂಗುರ ಗುರುತು ಹಿಡಿಯುತ್ತದೆಯೇ ಹೊರತು, 'ಹೌದು' ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದವನು ದುಷ್ಯಂತನೇ.

ವಕೀಲರು ತೋರಿಸಿದ ದಾರಿ ಹೀಗಿತ್ತು: ಯಜಮಾನರು ಉಯಿಲು ಬರೆಯುವುದು, ಅದರಲ್ಲಿ ಮಗನೆಂದು ಒಪ್ಪಿಕೊಳ್ಳುವುದು, ಬೇರೆಯಾಗಿ ಒಂದು ಪ್ರಮಾಣಪತ್ರವನ್ನೂ ಕೊಡುವುದು. ಶಾಲೆಯ ದಾಖಲೆಯ ಬಗ್ಗೆ, ಅದನ್ನು ಬರೆದವರು ಬದುಕಿದ್ದರೆ, ಅವರೇ ಒಂದು ಪ್ರಮಾಣಪತ್ರ ಕೊಟ್ಟರೆ ಒಳ್ಳೆಯದು. ಇಷ್ಟು ಹೇಳಿ ಅವರು ನನ್ನ ಕಡೆ ನೋಡಿದರು.

ಸುಳ್ಳು ಬರೆದೆನೆಂದು ಛಾಪಾ ಕಾಗದದ ಮೇಲೆ ಒಪ್ಪಿಕೊಳ್ಳುವುದು, ಅದೂ ಈ ವಯಸ್ಸಿನಲ್ಲಿ, ಸುಲಭವಲ್ಲ. ಯೋಚಿಸಿ ಹೇಳುತ್ತೇನೆಂದು ಎದ್ದುಬಂದೆ. ಅಲ್ಲಿಂದ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೊರಟೆವು. ಅವನ ತಾಯಿ ಈಗ ಅಲ್ಲಿರುವುದು. ಅಮೃತಮಹಲ್ ತಳಿ ಸಂವರ್ಧನ ಕೇಂದ್ರವಿರುವ ಊರು ಅದು. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ, ಅದೇ ರಾಸುಗಳ ವಂಶ. ಕರುವಿನ ತಾಯಿ ಯಾವುದು, ತಂದೆ ಯಾವ ಹೋರಿ ಎಂದು ಬರೆದಿಡದೆ ತಳಿ ಕಾಪಾಡುವುದು ಸಾಧ್ಯವಿಲ್ಲ. ಅಲ್ಲಿ ಲೆಕ್ಕ ಬರೆಯುವವನಿಗೆ ಯಾವ ಹೋರಿಯ ದಾಕ್ಷಿಣ್ಯವೂ ಇರಲಾರದು ಎಂದುಕೊಂಡೆ. ನಗು ಬರಬೇಕಾಗಿತ್ತು, ಬರಲಿಲ್ಲ.

ಮುದುಕಿ ಜಗಲಿಯ ಮೇಲೆ ಕುಳಿತಿದ್ದಳು. ನನ್ನನ್ನು ಗುರುತು ಹಿಡಿದಳು. "ಅವತ್ತೇ ಹೇಳಿದ್ನಲ್ಲ ಸ್ವಾಮಿ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಮರುದಿನ ಪ್ರಮಾಣಪತ್ರಕ್ಕೆ ರುಜು ಹಾಕಿದೆ.

ಉಯಿಲಿನ ನೋಂದಣಿಯ ದಿನ ಯಜಮಾನರನ್ನು ಕಾರಿನಲ್ಲಿ ಕರೆತಂದರು. ಹೆಣ್ಣುಮಕ್ಕಳಲ್ಲಿ ಒಬ್ಬರು ಬಂದಿದ್ದರು, ಇನ್ನೊಬ್ಬರು ಬರಲಿಲ್ಲ. ಬಂದವರು ಯಾರೊಡನೆಯೂ ಮಾತಾಡದೆ ಫ್ಲಾಸ್ಕಿನಿಂದ ಎಲ್ಲರಿಗೂ ಕಾಫಿ ಬಗ್ಗಿಸಿಕೊಟ್ಟರು, ಅವನಿಗೂ. ಪತ್ರಬರಹಗಾರರು ಕರಡನ್ನು ಓದಿ ಹೇಳಿದರು. ದಾಕ್ಷಿಣ್ಯದ ಮನುಷ್ಯರು, 'ನನಗೆ ಬಹಳ ಬೇಕಾದವರೂ ಪ್ರೀತಿಪಾತ್ರರೂ ಆದ' ಎಂದು ಅವನ ಹೆಸರಿನ ಹಿಂದೆ ಸೇರಿಸಿದ್ದರು. ಯಜಮಾನರು ಕೈಯೆತ್ತಿ ತಡೆದರು.

"ಅದನ್ನ ಹೊಡೆದುಹಾಕಿ. ಮಗ ಅಂತ ಬರೀರಿ. ನನ್ನ ಮಗ."

ಕಚೇರಿಯಲ್ಲಿ ಆಗ ಹೆಚ್ಚು ಜನರಿರಲಿಲ್ಲ. ಇದ್ದವರೆಲ್ಲ ಕೇಳಿಸಿಕೊಂಡರು. ಆ ಎರಡು ಮಾತಿನಿಂದ ಕಾನೂನು ಬದಲಾಗಲಿಲ್ಲ. ತೋಟದ ಪಾಲು ಬರುವುದು ಉಯಿಲಿನ ಬಲದಿಂದ, ಹುಟ್ಟಿನ ಬಲದಿಂದಲ್ಲ. ಯಜಮಾನರು ಉಯಿಲು ಬರೆಯದೆ ಹೋಗಿದ್ದರೆ ಅವನಿಗೆ ಏನೂ ಇರುತ್ತಿರಲಿಲ್ಲ. ತಂದೆಗೆ ಒಳ್ಳೆಯ ಬುದ್ಧಿ ಬರುವ ತನಕ ಮಗು ಕಾಯಬೇಕೆಂಬುದು ನ್ಯಾಯವೆ? ಅವನು 45 ವರ್ಷ ಕಾದ. ಎಷ್ಟು ಜನರ ತಂದೆಯರು ಆಸ್ಪತ್ರೆಯಿಂದ ಬದುಕಿ ಬರುತ್ತಾರೆ?

ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಒಬ್ಬನು ನಾನೇ. ಗುಮಾಸ್ತರು ನನ್ನ ಹೆಸರು ಬರೆದುಕೊಂಡು, ತಲೆಯೆತ್ತದೆಯೇ ಕೇಳಿದರು:

"ತಂದೆಯ ಹೆಸರು?"

ಹೇಳಿದೆ. ಅವರು ಬರೆದುಕೊಂಡರು.