ಎರಡು ಪದಗಳ ಬೋರ್ಡು

ನಮ್ಮೂರ ಹತ್ತಿ ಗಿರಣಿಯ ಗೇಟಿನ ಮೇಲೆ ಒಂದು ತಗಡಿನ ಬೋರ್ಡಿತ್ತು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ. ಕಾಯಕವನ್ನು ಕೈಲಾಸಕ್ಕೆ ಗಂಟು ಹಾಕುವ, ಎಲ್ಲರಿಗೂ ಗೊತ್ತಿರುವ ಆ ಎರಡೇ ಪದ. ಕೆಳಗೆ ಬಸವಣ್ಣನವರ ಹೆಸರು. ಬೆಳಗಿನ ಭೋಂಗಾ ಕೂಗಿದಾಗ ಅಪ್ಪ ಅದರಡಿಯಲ್ಲೇ ಒಳಗೆ ಹೋಗುತ್ತಿದ್ದ.

1982ರಲ್ಲಿ ಬೋನಸ್ಸಿಗಾಗಿ ಸಂಪು ಶುರುವಾದ ವಾರ ಮಾಲೀಕರು ಆ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದರು. ದುಡಿಮೆಯೇ ಪೂಜೆಯಾದ ಮೇಲೆ ಪೂಜೆ ನಿಲ್ಲಿಸುವವನು ಎಂಥ ಭಕ್ತ ಎಂಬುದು ಅದರ ತಾತ್ಪರ್ಯ. ಗೇಟಿನ ಈಚೆ ಯೂನಿಯನ್ನಿನವರೂ ಕಡಿಮೆಯಿರಲಿಲ್ಲ. ದಾಸೋಹ ಹೇಳಿದ ಶರಣರ ನಾಡಿನಲ್ಲಿ ಕೂಲಿಕಾರನ ಪಾಲು ನುಂಗುವವನು ಲಿಂಗ ಕಟ್ಟಿಕೊಂಡೇನು ಫಲ ಎಂದು ಪೆಂಡಾಲಿನಲ್ಲಿ ದಿನಾ ಭಾಷಣ. ಎರಡೂ ಕಡೆಯವರು ಕೈಹಾಕುತ್ತಿದ್ದ ವಚನಗಳ ಕಣಜ ಒಂದೇ: ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ ಹುಡುಕಿ 1923ರಿಂದ ಅಚ್ಚು ಹಾಕಿಸಿಕೊಟ್ಟದ್ದು. ಸಂಪು ನಲವತ್ತು ದಿನಕ್ಕೆ ಮುರಿಯಿತು. ಮುರಿದದ್ದು ವಚನವಲ್ಲ, ಖಾಲಿಯಾದ ಜೋಳದ ಚೀಲ.

ಊರಾಚೆ ನಮಗೆ ಎರಡೆಕರೆ ಹೊಲವಿತ್ತು. ಅದೇ ವರ್ಷ ಕಳೆ ತೆಗೆಯಲು ಬರುತ್ತಿದ್ದ ಹೆಣ್ಣಾಳು ಕೂಲಿ ಒಂದು ರೂಪಾಯಿ ಏರಿಸಿರಿ ಎಂದು ಬಾಗಿಲಿಗೆ ಬಂದಳು. ಅಪ್ಪ ಏನಂದಿರಬಹುದು? ನಲವತ್ತು ದಿನ ಶಪಿಸಿದ್ದ ಬೋರ್ಡಿನ ಆ ಎರಡು ಪದಗಳನ್ನೇ ಅಂದ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಆ ಮಾತು ಆಯ್ದಕ್ಕಿ ಮಾರಯ್ಯಂದು. ಅಂವ ಹೆಚ್ಚಿಗಿ ಅಕ್ಕಿ ತಂದಾಗ ಹೇಣ್ತಿ ಏನಂದಳು, ಅದನ್ನೂ ಹೇಳ್ರಿ ಅಕಿಗೆ."

ಮಠದ ಪ್ರವಚನ ತಪ್ಪಿಸದ ಅವ್ವನಿಗೆ ಕಥೆ ಬಾಯಿಪಾಠ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ತಂದದ್ದಕ್ಕೆ ಹೆಂಡತಿ ಲಕ್ಕಮ್ಮ ಇದು ಆಸೆ ಎಂದು ಗದರಿ, ತಂದಲ್ಲೇ ಸುರಿದು ಬರಲು ಹೇಳಿದಳು. ಅಪ್ಪ ಮಾತಾಡದೆ ಎಂಟಾಣೆ ಏರಿಸಿದ. ಉಳಿದೆಂಟಾಣೆಗೆ ಶರಣರೂ ಸಾಲಲಿಲ್ಲ.

ಈಗ ಗಿರಣಿಯ ಜಾಗದಲ್ಲಿ ಲೇಔಟ್ ಎದ್ದಿದೆ. ಬೋರ್ಡು ಗುಜರಿಗೆ ಹೋಯಿತು, ಮಾತು ಹೋಗಲಿಲ್ಲ. ಮಾರ್ಚ್ 2018ರಲ್ಲಿ ರಾಜ್ಯ ಸಂಪುಟ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿತು. ಮೇ ತಿಂಗಳಲ್ಲಿ ಚುನಾವಣೆ. ನಮ್ಮೂರ ಒಂದು ವೇದಿಕೆಯಲ್ಲಿ ಧರ್ಮ ಬೇರೆ ಎನ್ನಲು ವಚನ, ಇನ್ನೊಂದರಲ್ಲಿ ಬೇರೆಯಲ್ಲ ಎನ್ನಲು ವಚನ. 2024ರಲ್ಲಿ ಬಸವಣ್ಣನವರು ಅಧಿಕೃತವಾಗಿ ಸಾಂಸ್ಕೃತಿಕ ನಾಯಕರಾದರು, ಸರ್ಕಾರಿ ಕಚೇರಿಗಳ ಗೋಡೆಗೆ ಭಾವಚಿತ್ರ ಬಂತು. ಪಹಣಿ ತಿದ್ದುಪಡಿಗೆಂದು ಮೊನ್ನೆ ಒಂದು ಕಚೇರಿಗೆ ಮೂರನೇ ಸಲ ಹೋಗಿದ್ದೆ. ಚಿತ್ರಕ್ಕೆ ತಾಜಾ ಹಾರವಿತ್ತು. ಅದರ ಕೆಳಗಿನ ಕುರ್ಚಿ ಖಾಲಿಯಿತ್ತು.

ಹಾಗಂತ ಧರ್ಮದ ಮಾತು ರಾಜಕೀಯಕ್ಕೆ ಬರಲೇಬಾರದು ಎಂದು ನಾನು ಹೇಳಲಾರೆ. ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡವರು. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಆದ ಬೀಗತನಕ್ಕಿಂತ ದೊಡ್ಡ ರಾಜಕೀಯ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇನ್ನೇನಿತ್ತು? ಆದರೆ ಆ ಇಬ್ಬರು ಬೀಗರು ಎಳೆಹೂಟೆಯ ಶಿಕ್ಷೆಗೆ ಸಿಕ್ಕು ಸತ್ತರೆಂದು ಶರಣರ ಕಥೆ ಹೇಳುತ್ತದೆ. ನಂಬಿದ ಮಾತಿನ ಬೆಲೆಯನ್ನು ಅವರೇ ತೆತ್ತರು. ನಮ್ಮ ಮಾಲೀಕರಿಗೆ ಖರ್ಚಾದದ್ದು ಒಂದು ಡಬ್ಬಿ ಬಣ್ಣ.

ವೇದಿಕೆಯ ಮೇಲೆ ವಚನ ಕೇಳಿಸಿದಾಗಲೆಲ್ಲ ನಾನೀಗ ಅದೊಂದೇ ಲೆಕ್ಕ ಹಾಕುತ್ತೇನೆ: ಇದನ್ನು ಹೇಳಿದ್ದರಿಂದ ಈತನ ಕೈಯಿಂದ ಏನು ಹೋಯಿತು? ಬಹಳ ಸಲ ಏನೂ ಹೋಗಿರುವುದಿಲ್ಲ. ಅಪ್ಪನದು ಎಂಟಾಣೆಯಾದರೂ ಹೋಗಿತ್ತು, ಅದೂ ಅವ್ವ ಅಡುಗೆಮನೆಯಲ್ಲಿ ಇದ್ದದ್ದಕ್ಕೆ.