ಒಂದೂವರೆ ಗಂಟೆಯ ಊರು

ಡೊಂಬಿವಲಿಯಲ್ಲಿ ನೆಲೆಸಿದ ನಮ್ಮನ್ನು ಊರಿನವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ವಿಮಾನದಲ್ಲಿ ಬಂದರೆ ಎಷ್ಟು ಹೊತ್ತು?” ಒಂದೂವರೆ ಗಂಟೆ ಎನ್ನುತ್ತೇವೆ. ಟಿಕೆಟಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಮುಂಬಯಿ ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವೆ ನೇರವಾಗಿ ಅಳೆದರೆ ಸುಮಾರು 715 ಕಿಲೋಮೀಟರ್. ಜೆಟ್ ವಿಮಾನದ ವೇಗಕ್ಕೆ ಅದು ಒಂದು ಗಂಟೆಯ ದಾರಿ. ರನ್‌ವೇಗಾಗಿ ಕಾಯುವುದು, ಏರುವುದು, ಇಳಿಯುವುದು ಸೇರಿ ಒಂದೂವರೆ ಆಗುತ್ತದೆ.

ನಮ್ಮ ತಂದೆಯವರು ಮುಂಬಯಿಯ ಹೋಟೆಲೊಂದರಲ್ಲಿ ದುಡಿದವರು. ಕೊಂಕಣ ರೈಲು 1998ರಲ್ಲಿ ಬರುವ ಮೊದಲು ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಊರು ಸೇರುತ್ತಿದ್ದರು. ತಮ್ಮ ತಾಯಿ ತೀರಿಕೊಂಡಾಗ ತಂತಿ ತಲುಪಿ ಅವರು ಹೊರಟು ಬರುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಆ ಮಾತನ್ನು ಅವರು ಹೆಚ್ಚಾಗಿ ಆಡುತ್ತಿರಲಿಲ್ಲ. ನಮ್ಮ ಕಾಲಕ್ಕೆ ಹಾಗಾಗದು ಎಂದು ನಾವು ನಂಬಿದ್ದೆವು.

ಅವರ ಸರದಿ ಬಂದ ದಿನ ಫೋನು ಬಂದದ್ದು ರಾತ್ರಿ ಮೂರಕ್ಕೆ. ಟ್ಯಾಕ್ಸಿಯಲ್ಲಿ ಠಾಣೆ ದಾಟಿ ನಿಲ್ದಾಣ ಸೇರಿದ್ದು, ತಪಾಸಣೆ, ಕಾಯುವಿಕೆ. ಬಜ್ಪೆಯಲ್ಲಿ ಇಳಿದ ಮೇಲೆ ಕುಂದಾಪುರದ ಆಚೆಗಿನ ಹಳ್ಳಿಯವರೆಗೆ ಇನ್ನೂ ನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆ. ಹನ್ನೊಂದಕ್ಕೆ ತಂದೆಯವರು ಹೋದರು. ಆಗ ನಾವು ಉಡುಪಿಯ ಬಳಿ ಇದ್ದೆವು. ಮನೆ ಮುಟ್ಟಿದಾಗ ಹನ್ನೆರಡೂವರೆ. ಮೂರು ದಿನದ ತಡ ಒಂದೂವರೆ ಗಂಟೆಗೆ ಇಳಿದಿತ್ತು. ಆದರೂ ತಡ ತಡವೇ.

1951ರ ಡಿಸೆಂಬರ್ 25ರಂದು ನೆಹರೂ ಅವರ ವಿಮಾನ ಬಂದಿಳಿಯುವುದರೊಂದಿಗೆ ಬಜ್ಪೆಯ ನಿಲ್ದಾಣ ಆರಂಭವಾಯಿತು. 2025ರ ಅದೇ ಡಿಸೆಂಬರ್ 25ರಂದು ನವಿ ಮುಂಬಯಿಯ ಹೊಸ ನಿಲ್ದಾಣದಿಂದ ವಿಮಾನ ಸಂಚಾರ ಶುರುವಾಯಿತು. ಕಲ್ಯಾಣ, ಡೊಂಬಿವಲಿಯ ಕನ್ನಡಿಗರು ಭೇಟಿಯಾದಲ್ಲೆಲ್ಲ ಈಗ ಇದೇ ಲೆಕ್ಕ: ಶಿಳ್‌ಫಾಟಾದಲ್ಲಿ ವಾಹನಸಂದಣಿ ಇಲ್ಲದಿದ್ದರೆ ಎಷ್ಟು ಹೊತ್ತು ಉಳಿದೀತು? ನಾವೂ ಆ ಲೆಕ್ಕ ಹಾಕಿದ್ದೇವೆ. ನಿಲ್ದಾಣಗಳ ನಡುವಿನ ಅಂತರ ಹತ್ತಿಪ್ಪತ್ತು ಕಿಲೋಮೀಟರ್ ಕಡಿಮೆಯಾದರೂ ನಿಜವಾಗಿ ಉಳಿಯಬೇಕಾದ ಸಮಯವೆಲ್ಲ ನೆಲದ ಮೇಲೆಯೇ ಇದೆ.

ಕೇಂದ್ರ ಸರ್ಕಾರದ ನೌಕರರು ರಜಾ ಪ್ರಯಾಣ ರಿಯಾಯಿತಿಗಾಗಿ ತಮ್ಮ ‘ಹೋಮ್ ಟೌನ್’ ಯಾವುದೆಂದು ಘೋಷಿಸಬೇಕು. ಆಂಗ್ಲ ಸಾಹಿತ್ಯದಲ್ಲಿ ಎಂ.ಎ. ಮಾಡಿದ ನಮಗೆ ಆ ಎರಡು ಪದಗಳಿಗಿಂತ ‘ಊರು’ ಎಂಬ ಒಂದೇ ಪದ ಹೆಚ್ಚು ನಿಖರವೆನಿಸುತ್ತದೆ. ಘೋಷಣೆಯನ್ನು ಇಡೀ ಸೇವಾವಧಿಯಲ್ಲಿ ಒಮ್ಮೆ ಮಾತ್ರ, ಅದೂ ವಿಶೇಷ ಕಾರಣವಿದ್ದರೆ, ಬದಲಿಸಬಹುದು. “ಮನೆ ಇಲ್ಲೇ ಇದೆಯಲ್ಲ, ಬದಲಿಸಿಬಿಡಿ” ಎಂದರು ಸಹೋದ್ಯೋಗಿಯೊಬ್ಬರು. ನಾವು ಬದಲಿಸಿಲ್ಲ. ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ.

ಹೊರಡುವ ಹಿಂದಿನ ರಾತ್ರಿ ಅವರು ಫೋನಿನಲ್ಲಿ ಕೇಳುವುದು ಕಿಲೋಮೀಟರನ್ನಲ್ಲ. “ಮಗಾ, ಅನ್ನಕ್ಕೆ ಎಷ್ಟು ಹೊತ್ತಿಗೆ ಇಡಲಿ?” ಅವರೊಡನೆ ಮಾತ್ರ ನಾವು ಒಂದೂವರೆ ಗಂಟೆಯ ಮಾತೆತ್ತುವುದಿಲ್ಲ. ಹನ್ನೆರಡೂವರೆಗೆ ಬರುತ್ತೇವೆ, ಎನ್ನುತ್ತೇವೆ.